ಟ್ಯಾಪೆಟ್ ಕವರಿಗೆ ವಯಸ್ಸೆಷ್ಟು?

(ಹಳೆಯ ಯಂತ್ರಭಾಗಗಳ ಕಾಲನಿರ್ಣಯ ಕುರಿತ ಉಪನ್ಯಾಸದ ಪಠ್ಯ)



ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೊಮೊನಾ ಎಂಬ ಊರಿದೆ. ಹಳೆಯ ಕಾರುಗಳು ಮತ್ತು ಅವುಗಳ ಬಿಡಿಭಾಗಗಳ ದೊಡ್ಡ ಸಂತೆಗೆ ಅದು ಹೆಸರುವಾಸಿ. ಪೂರ್ವದ ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ 1955ರಿಂದ ಇಂಥದೇ ಇನ್ನೊಂದು ಸಂತೆ ನಡೆದು ಬಂದಿದೆ. ಇಂಥ ಕಡೆ ನೆಲದ ಮೇಲೆ ಟಾರ್ಪಾಲ್ ಹಾಸಿ ಹರಡಿದ ತುಕ್ಕು ಹಿಡಿದ ಸಾಮಾನುಗಳ ನಡುವೆ ಸುಮಾರು ಒಂದೂವರೆ ಅಡಿ ಉದ್ದದ, ಮೇಲ್ಮೈಯಲ್ಲಿ ಸಾಲು ಸಾಲು ಏಣುಗಳಿರುವ ಅಲ್ಯೂಮಿನಿಯಂ ಮುಚ್ಚಳಗಳು ಜೋಡಿಯಾಗಿ ಕುಳಿತಿರುತ್ತವೆ. ಮಾರುವವನು ಅದು ಐವತ್ತರ ದಶಕದ್ದು ಎನ್ನುತ್ತಾನೆ. ಕೊಳ್ಳುವವನು ಅದನ್ನು ತಿರುವಿ, ಮಗುಚಿ, ಒಳಗೆ ಇಣುಕಿ ನೋಡುತ್ತಾನೆ. ತಾರೀಖು ಎಲ್ಲಿಯೂ ಇಲ್ಲ. ನಿಜಕ್ಕೂ ಐವತ್ತರ ದಶಕದ್ದಾದರೆ ಅದಕ್ಕೆ ಒಂದು ಬೆಲೆ, ಹೋದ ವರ್ಷ ಎರಕ ಹೊಯ್ದದ್ದಾದರೆ ಬೇರೆಯೇ ಬೆಲೆ. ಬೆಲೆ ಮಾತ್ರವಲ್ಲ, ಅದನ್ನು ಕೂರಿಸುವ ಕಾರಿನ ಕಥೆಯೂ ಆ ಒಂದು ಉತ್ತರದ ಮೇಲೆ ನಿಂತಿದೆ.

ಕಾಲ ನಮೂದಿಸದ ಶಾಸನ ಸಿಕ್ಕಾಗ ಶಾಸನತಜ್ಞರು ಅಕ್ಷರದ ತಲೆಕಟ್ಟು ನೋಡುತ್ತಾರೆ, ಕಲ್ಲು ನೋಡುತ್ತಾರೆ, ಅದರಲ್ಲಿ ಬರುವ ರಾಜನ ಹೆಸರು ನೋಡುತ್ತಾರೆ. ಈ ಮುಚ್ಚಳಗಳ ಕಾಲನಿರ್ಣಯವೂ ಹೆಚ್ಚೂ ಕಡಿಮೆ ಅದೇ ಬಗೆಯ ಕೆಲಸ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ರಾಜನ ಹೆಸರನ್ನು ನಂಬುವಂತಿಲ್ಲ. ಅದೇಕೆ ಎಂಬುದನ್ನು ಮುಂದೆ ನೋಡೋಣ.

ಮೊದಲು ವಸ್ತುವಿನ ಪರಿಚಯ. ಎಂಜಿನ್ನಿನ ಸಿಲಿಂಡರಿನೊಳಕ್ಕೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಬರಲು, ಉರಿದ ಹೊಗೆ ಹೊರಹೋಗಲು ಬಾಗಿಲುಗಳು ಬೇಕು. ಅವೇ ವಾಲ್ವ್‌ಗಳು. ಅವನ್ನು ಒತ್ತಿ ತೆರೆಯುವ ಪುಟ್ಟ ಸನ್ನೆಗಳಿಗೆ ರಾಕರ್ ಆರ್ಮ್ ಎಂದು ಹೆಸರು. ಇವೆಲ್ಲ ಎಂಜಿನ್ನಿನ ತಲೆಯ ಮೇಲೆ ಎಣ್ಣೆಯಲ್ಲಿ ತೊಯ್ದುಕೊಂಡು ಟಕಟಕ ಕುಣಿಯುತ್ತಿರುತ್ತವೆ. ಎಣ್ಣೆ ಹೊರಗೆ ಚಿಮ್ಮದಂತೆ, ಧೂಳು ಒಳಗೆ ಬೀಳದಂತೆ ಮೇಲೊಂದು ಮುಚ್ಚಳ. ಅಮೆರಿಕದವರು ಅದನ್ನು ವಾಲ್ವ್ ಕವರ್ ಎನ್ನುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ಅದು ಟ್ಯಾಪೆಟ್ ಕವರ್. ಇಂಗ್ಲಿಷಿನ ವಿ ಅಕ್ಷರದಂತೆ ಎರಡು ಸಾಲು ಸಿಲಿಂಡರುಗಳಿರುವ ವಿ-8 ಎಂಜಿನ್ನಿಗೆ ಇಂಥ ಮುಚ್ಚಳ ಎರಡು. ಆದ್ದರಿಂದಲೇ ಅವು ಜೋಡಿಯಲ್ಲಿ ಮಾರಾಟವಾಗುತ್ತವೆ.

ಕಾರು ಕಂಪನಿಗಳು ಇದನ್ನು ಸಾಮಾನ್ಯವಾಗಿ ತೆಳು ಉಕ್ಕಿನ ತಗಡನ್ನು ಒತ್ತಿ ಮಾಡಿ, ಬಣ್ಣ ಬಳಿದು ಕೂರಿಸುತ್ತಿದ್ದವು. ಹಾಟ್ ರಾಡ್ ಪ್ರಿಯರಿಗೆ ಅದು ಸಪ್ಪೆ ಎನಿಸಿತು. ಹಾಟ್ ರಾಡ್ ಎಂದರೆ ಹಳೆಯ ಅಗ್ಗದ ಕಾರನ್ನು, ಮುಖ್ಯವಾಗಿ ಫೋರ್ಡ್ ಕಾರನ್ನು, ಮಡ್‌ಗಾರ್ಡು ಕಳಚಿ, ಭಾರ ಇಳಿಸಿ, ಎಂಜಿನ್ನಿಗೆ ಕಸುವು ತುಂಬಿ ಓಡಿಸುವ ಹವ್ಯಾಸ. ಅದು ಬೆಳೆದದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಮೊಹಾವಿ ಮರುಭೂಮಿಯ ಮ್ಯೂರಾಕ್, ಎಲ್ ಮಿರಾಜ್ ಮುಂತಾದ ಒಣಗಿದ ಸರೋವರಗಳ ಗಟ್ಟಿ ನೆಲವೇ ಹುಡುಗರ ಪಂದ್ಯದ ಅಂಗಳ. ಆ ಪಂದ್ಯಗಳಿಗೆ ಶಿಸ್ತು ತರಲು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿಕೊಂಡಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹವ್ಯಾಸ ಕಾಡ್ಗಿಚ್ಚಿನಂತೆ ಹಬ್ಬಿತು. ಲಾಸ್ ಏಂಜಲೀಸಿನ ಸುತ್ತಮುತ್ತ ವಿಮಾನ ಕಾರ್ಖಾನೆಗಳಿದ್ದವು. ಅಲ್ಲಿ ಲೇತು, ಮಿಲ್ಲಿಂಗು, ಅಲ್ಯೂಮಿನಿಯಂ ಎರಕ ಕಲಿತ ಕೈಗಳಿದ್ದವು. ಸೇನೆಯಿಂದ ಮರಳಿದ ಯುವಕರ ಕೈಯಲ್ಲಿ ಒಂದಿಷ್ಟು ಕಾಸೂ ಇತ್ತು. ಗ್ಯಾರೇಜಿನ ಹಿಂಬದಿಯಲ್ಲಿ, ಶೆಡ್ಡುಗಳಲ್ಲಿ ಬಿಡಿಭಾಗ ತಯಾರಿಸುವ ಸಣ್ಣ ಉದ್ಯಮಗಳು ಹುಟ್ಟಿದ್ದು ಹೀಗೆ.

ಕಾರು ತಯಾರಿಸಿದ ಕಂಪನಿಯಲ್ಲದೆ ಬೇರೆಯವರು ಮಾಡಿ ಮಾರುವ ಇಂಥ ಭಾಗಗಳ ವಹಿವಾಟಿಗೆ ಆಫ್ಟರ್‌ಮಾರ್ಕೆಟ್ ಎನ್ನುತ್ತಾರೆ. ಕಾಲನಿರ್ಣಯದ ಕಷ್ಟ ಶುರುವಾಗುವುದೇ ಇಲ್ಲಿಂದ. ಜನರಲ್ ಮೋಟಾರ್ಸ್‌ನಂಥ ದೊಡ್ಡ ಕಂಪನಿ ತನ್ನ ಎಂಜಿನ್ ಬ್ಲಾಕಿನ ಮೇಲೆ ಎರಕದ ಸಂಖ್ಯೆ, ತಾರೀಖಿನ ಸಂಕೇತ ಎಲ್ಲವನ್ನೂ ಮೂಡಿಸುತ್ತಿತ್ತು. ಅದನ್ನು ಓದಲು ಬಂದರೆ ಬ್ಲಾಕು ಯಾವ ದಿನದ್ದೆಂದು ಹೇಳಿಬಿಡಬಹುದು. ನಾಲ್ಕಾರು ಜನರ ಕಾರ್ಖಾನೆಗೆ ಆ ಗೊಡವೆ ಏಕೆ? ಮರದ ಪ್ಯಾಟರ್ನ್ ಒಂದು ತಯಾರಾದರೆ ಅದನ್ನು ಫೌಂಡ್ರಿಗೆ ಕಳಿಸಿ, ಬೇಡಿಕೆ ಬಂದಾಗಲೆಲ್ಲ ಐವತ್ತೋ ನೂರೋ ಜೋಡಿ ಎರಕ ಹೊಯ್ಯಿಸಿಕೊಂಡರಾಯಿತು. ಪ್ಯಾಟರ್ನ್ ಸವೆಯುವವರೆಗೂ ಅದೇ ಮುಚ್ಚಳ. ಹತ್ತು ವರ್ಷ, ಇಪ್ಪತ್ತು ವರ್ಷ. ಆದ್ದರಿಂದ ಈ ವಿನ್ಯಾಸ ಯಾವಾಗಿನದು ಎಂಬುದು ಒಂದು ಪ್ರಶ್ನೆ, ಕೈಯಲ್ಲಿರುವ ಈ ಮುಚ್ಚಳ ಯಾವಾಗ ಎರಕಗೊಂಡಿತು ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಸಂತೆಯಲ್ಲಿ ಹೆಚ್ಚಿನವರು ಮೋಸಹೋಗುವುದು.

ಹಾಗಾದರೆ ಹಿಡಿತ ಎಲ್ಲಿ ಸಿಗುತ್ತದೆ? ಮುಚ್ಚಳದಲ್ಲಲ್ಲ, ಅದು ಕೂರುವ ಎಂಜಿನ್ನಿನಲ್ಲಿ. ಪಾತ್ರೆಗಿಂತ ಮೊದಲು ಅದರ ಮುಚ್ಚಳ ಹುಟ್ಟುವುದಿಲ್ಲವಷ್ಟೆ. ಎಂಜಿನ್ನುಗಳು ಬಂದ ವರ್ಷಗಳು ಮಾತ್ರ ಚೆನ್ನಾಗಿ ದಾಖಲಾಗಿವೆ.

ಹಾಟ್ ರಾಡ್ ಎಂದ ಕೂಡಲೆ ನೆನಪಾಗುವುದು 1932ರಲ್ಲಿ ಫೋರ್ಡ್ ತಂದ ವಿ-8 ಎಂಜಿನ್. ತಮಾಷೆಯೆಂದರೆ ಆ ಎಂಜಿನ್ನಿಗೆ ಟ್ಯಾಪೆಟ್ ಕವರೇ ಇಲ್ಲ! ಅದರ ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನ ಒಳಗೇ ಇರುತ್ತವೆ, ತಲೆ ಚಪ್ಪಟೆ. ಅದಕ್ಕೇ ಅದು ಫ್ಲ್ಯಾಟ್‌ಹೆಡ್. ಅಲ್ಲಿ ಏಣುಗಳಿರುವ ಹೊಳಪಿನ ಅಲ್ಯೂಮಿನಿಯಂ ಕಾಣುವುದು ಸಿಲಿಂಡರ್ ಹೆಡ್ಡಿನಲ್ಲೇ. ಕಂಪನಿಯ ಹೆಡ್ಡು ತೆಗೆದು ಎಡೆಲ್‌ಬ್ರಾಕ್, ಆಫೆನ್‌ಹೌಸರ್, ವೈಯಾಂಡ್ ಮುಂತಾದವರ ಹೆಡ್ಡು ಹಾಕುತ್ತಿದ್ದರು. ಅಮೆರಿಕದಲ್ಲಿ ಫೋರ್ಡ್ ಕಾರುಗಳಿಗೆ ಈ ಎಂಜಿನ್ 1953ರವರೆಗೂ ಬಂತು. ಹೀಗಾಗಿ ಫೋರ್ಡ್ ವಿ-8ಕ್ಕೆಂದು ಮಾಡಿದ ನಲವತ್ತರ ದಶಕದ ಟ್ಯಾಪೆಟ್ ಕವರ್ ಎಂದು ಯಾರಾದರೂ ಹೇಳಿದರೆ ಹುಬ್ಬೇರಿಸಲೇಬೇಕು. ಇದಕ್ಕೊಂದು ಅಪವಾದವಿದೆ. ಝೋರಾ ಆರ್ಕಸ್-ಡಂಟೋವ್ ಮತ್ತು ಅವರ ಸೋದರ, ಫ್ಲ್ಯಾಟ್‌ಹೆಡ್ ಬ್ಲಾಕಿನ ಮೇಲೆ ಕೂರಿಸುವ, ವಾಲ್ವ್ ಮೇಲಿರುವ ಹೆಡ್ಡನ್ನು 1940ರ ದಶಕದ ಕೊನೆಯಲ್ಲಿ ತಯಾರಿಸಿದರು. ಆರ್ಡನ್ ಎಂದು ಅದರ ಹೆಸರು. ಅದಕ್ಕೆ ಮುಚ್ಚಳ ಬೇಕಿತ್ತು, ಇತ್ತು. ಇದೇ ಡಂಟೋವ್ ಮುಂದೆ ಜನರಲ್ ಮೋಟಾರ್ಸ್ ಸೇರಿ ಕಾರ್ವೆಟ್ ಕಾರಿನ ಜೊತೆ ಹೆಸರಾದರು.

ಇನ್ನೂ ಹಿಂದಕ್ಕೆ ಹೋದರೆ ಫೋರ್ಡಿನ ನಾಲ್ಕು ಸಿಲಿಂಡರ್ ಎಂಜಿನ್ನುಗಳಿಗೆಂದು ಬಂದ ಹೆಡ್ಡುಗಳು ಸಿಗುತ್ತವೆ. ಮಾಡೆಲ್ ಟಿ ಕಾಲದ ರಾಜೊ, ಲೂಯಿ ಷೆವ್ರೊಲೆ ಸೋದರರ ಫ್ರಂಟೆನಾಕ್, ಮಾಡೆಲ್ ಎ ಕಾಲದ ಕ್ರೇಗರ್ ಇವೆಲ್ಲಕ್ಕೂ ಮುಚ್ಚಳಗಳಿದ್ದವು. ರಾಜೊ ಎಂಬುದು ಊರು ರಸೀನ್ ಮತ್ತು ತಯಾರಕ ಜೋ ಇವರ ಹೆಸರಿನ ತುಣುಕುಗಳಿಂದ ಕಟ್ಟಿದ ಪದ. ಇವು ಇಪ್ಪತ್ತು-ಮೂವತ್ತರ ದಶಕದ ಸರಕು. ಸಿಗುವುದು ಅಪರೂಪ, ಗುರುತಿಸುವುದು ಸುಲಭ. ಗೊಂದಲವೆಲ್ಲ ಮುಂದಿನ ಕಾಲದ್ದು.

ಮುಂದಿನ ಕಾಲ ಶುರುವಾಗುವುದು 1949ರಲ್ಲಿ. ಆ ವರ್ಷದ ಮಾದರಿಗಳಿಗೆ ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬೈಲ್ ಎರಡೂ ವಾಲ್ವ್ ಮೇಲಿರುವ ಹೊಸ ವಿ-8 ಎಂಜಿನ್ನುಗಳನ್ನು ತಂದವು. 1951ರಲ್ಲಿ ಕ್ರೈಸ್ಲರ್ ಕಂಪನಿಯ ಫೈರ್‌ಪವರ್ ಬಂತು. ಅರ್ಧಗೋಳದ ಆಕಾರದ ದಹನಕೋಣೆಯಿಂದಾಗಿ ಅದು ಹೆಮಿ ಎಂದೇ ಪ್ರಸಿದ್ಧ. 1953ರಲ್ಲಿ ಬ್ಯೂಯಿಕ್, 1954ರಲ್ಲಿ ಫೋರ್ಡಿನ ವೈ-ಬ್ಲಾಕ್, 1955ರಲ್ಲಿ ಪಾಂಟಿಯಾಕ್ ಮತ್ತು ಷೆವ್ರೊಲೆ. ಆರೇ ವರ್ಷಗಳಲ್ಲಿ ಅಮೆರಿಕದ ಎಂಜಿನ್ನಿನ ಚಹರೆ ಬದಲಾಯಿತು. ಬಾನೆಟ್ ಇಲ್ಲದ ಹಾಟ್ ರಾಡಿನಲ್ಲಿ ಎಂಜಿನ್ನೇ ಎಲ್ಲರ ಕಣ್ಣಿಗೆ ಬೀಳುವ ಒಡವೆ. ಆ ಎಂಜಿನ್ನಿನ ಮೇಲೆ ಅತಿ ದೊಡ್ಡದಾಗಿ ಕಾಣುವ ಬಯಲು ಜಾಗವೆಂದರೆ ಈ ಮುಚ್ಚಳ. ಅದರ ಮೇಲೆ ಹೆಸರು ಕೆತ್ತಿಸುವುದಕ್ಕಿಂತ ಒಳ್ಳೆಯ ಜಾಹೀರಾತು ಯಾವುದಿದೆ? ಏಣುಗಳು ಎಣ್ಣೆಯನ್ನು ತಣ್ಣಗಿಡುತ್ತವೆ ಎಂದು ಮಾರುವವರು ಹೇಳುತ್ತಿದ್ದರು. ದಪ್ಪ ಅಲ್ಯೂಮಿನಿಯಂ ಟ್ಯಾಪೆಟ್ಟಿನ ಸದ್ದು ತಗ್ಗಿಸುತ್ತದೆ, ತಗಡಿನಂತೆ ಬಾಗಿ ಎಣ್ಣೆ ಸೋರಿಸುವುದಿಲ್ಲ ಎಂಬುದು ಅದಕ್ಕಿಂತ ನಂಬಬಹುದಾದ ಮಾತು. ನಿಜ ಹೇಳಬೇಕೆಂದರೆ ಕೊಂಡವರಲ್ಲಿ ಬಹಳಷ್ಟು ಜನ ಕೊಂಡದ್ದು ಚೆಂದಕ್ಕೆ.

ಪ್ರತಿ ಎಂಜಿನ್ನಿನ ಮುಚ್ಚಳಕ್ಕೂ ಅದರದೇ ಆಕಾರ. ಹಳೆಯ ಕ್ರೈಸ್ಲರ್ ಹೆಮಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳು ನಡುವೆ ಕೂರುವುದರಿಂದ ಮುಚ್ಚಳದಲ್ಲೇ ಅವುಗಳಿಗೆ ಕಿಂಡಿಗಳಿರುತ್ತವೆ. ವೈ-ಬ್ಲಾಕಿನ ಮುಚ್ಚಳವನ್ನು ಮೇಲಿನಿಂದ ಎರಡೇ ನಟ್ಟುಗಳು ಹಿಡಿದಿರುತ್ತವೆ. 1958ರಲ್ಲಿ ಬಂದ ಷೆವ್ರೊಲೆಯ 348 ಘನ ಅಂಗುಲದ ಎಂಜಿನ್ನಿನದು ಅಂಚಿನಲ್ಲಿ ಅಲೆಯಲೆಯಾದ, ಒಮ್ಮೆ ನೋಡಿದರೆ ಮರೆಯಲಾಗದ ಮುಚ್ಚಳ. ಫೋರ್ಡಿನ ಸಣ್ಣ ವಿ-8 ಬಂದದ್ದು 1962ರಲ್ಲಿ, ಷೆವ್ರೊಲೆಯ 396 ಘನ ಅಂಗುಲದ ಬಿಗ್ ಬ್ಲಾಕ್ 1965ರಲ್ಲಿ. ಮುಚ್ಚಳ ಯಾವ ಎಂಜಿನ್ನಿನದು ಎಂದು ಗೊತ್ತಾದ ಕ್ಷಣವೇ ಇದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ ಎಂಬ ಒಂದು ಗೆರೆ ಸಿಕ್ಕಂತಾಯಿತು.

ಈ ವಿದ್ಯೆಯ ಸೊಗಸು ಪೂರ್ತಿಯಾಗಿ ಕಾಣುವುದು ಷೆವ್ರೊಲೆಯ ಸ್ಮಾಲ್ ಬ್ಲಾಕ್ ಎಂಜಿನ್ನಿನಲ್ಲಿ. 1955ರಲ್ಲಿ 265 ಘನ ಅಂಗುಲದ, ಅಂದರೆ ಸುಮಾರು 4.3 ಲೀಟರಿನ ಎಂಜಿನ್ನಾಗಿ ಅದು ಬಂತು. ಹಗುರ, ಅಗ್ಗ, ಗಟ್ಟಿ. ಹಾಟ್ ರಾಡ್ ಹುಡುಗರು ಫ್ಲ್ಯಾಟ್‌ಹೆಡ್ ಬಿಟ್ಟು ಅದಕ್ಕೆ ಮುಗಿಬಿದ್ದರು. ಆ ವಂಶದ ಹತ್ತು ಕೋಟಿಯನೆಯ ಎಂಜಿನ್ ತಯಾರಾದದ್ದು 2011ರಲ್ಲಿ ಎಂದರೆ ಅದರ ವ್ಯಾಪ್ತಿ ತಿಳಿಯುತ್ತದೆ. ಇಷ್ಟು ದೀರ್ಘಕಾಲ ಬಾಳಿದ ಎಂಜಿನ್ನಾದ್ದರಿಂದ 1955ರ ನಂತರದ್ದು ಎಂದಷ್ಟೇ ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ಆದರೆ ಅದೃಷ್ಟವಶಾತ್ ಮುಚ್ಚಳವನ್ನು ಹಿಡಿಯುವ ಬೋಲ್ಟುಗಳ ಜಾಗ ಎರಡು ಬಾರಿ ಬದಲಾಗಿದೆ.

ಮೊದಲ ವರ್ಷಗಳಲ್ಲಿ, ಎಂದರೆ 1955ರಿಂದ 1959ರವರೆಗೆ, ಮುಚ್ಚಳದ ಅಂಚಿನ ನಾಲ್ಕು ಬೋಲ್ಟುಗಳಲ್ಲಿ ಮೇಲಿನ ಎರಡು ಮತ್ತು ಕೆಳಗಿನ ಎರಡು ಒಂದಕ್ಕೊಂದು ಎದುರುಬದುರಾಗಿರಲಿಲ್ಲ; ಓರೆಯಾಗಿದ್ದವು. 1959-60ರ ಹೊತ್ತಿಗೆ ಅವನ್ನು ನೇರವಾಗಿ ಎದುರುಬದುರು ಮಾಡಲಾಯಿತು. ಮುಂದೆ 1986-87ರಲ್ಲಿ ಅಂಚಿನ ಬೋಲ್ಟುಗಳನ್ನೇ ಬಿಟ್ಟು, ಮುಚ್ಚಳದ ನಡುಬೆನ್ನಿನ ಮೇಲೆ ಸಾಲಾಗಿ ನಾಲ್ಕು ಬೋಲ್ಟು ಹಾಕುವ ಪದ್ಧತಿ ಬಂತು. ಈ ಮೂರು ಹಂತಗಳನ್ನು ನೆನಪಿಟ್ಟುಕೊಂಡವನಿಗೆ ಸಂತೆಯಲ್ಲಿ ಅರ್ಧ ಕೆಲಸ ಮುಗಿಯಿತು. ನಡುಬೆನ್ನಿನಲ್ಲಿ ನಾಲ್ಕು ಬೋಲ್ಟಿನ ತೂತುಗಳಿರುವ ಮುಚ್ಚಳದ ಮೇಲೆ ಎಷ್ಟೇ ಹಳೆಯ ಶೈಲಿಯ ಏಣುಗಳಿರಲಿ, ಎಷ್ಟೇ ಹಳೆಯ ಬಗೆಯ ಬಳುಕು ಅಕ್ಷರಗಳಿರಲಿ, ಅದು 1986ಕ್ಕಿಂತ ಹಿಂದಿನದಲ್ಲ. ಮಾರುವವನ ಅಜ್ಜನ ಶೆಡ್ಡಿನಿಂದ ಬಂದದ್ದಾದರೂ ಸರಿ.

ಓರೆ ತೂತುಗಳ ಮುಚ್ಚಳ ಸಿಕ್ಕರೆ? ಮನಸ್ಸು ಕುಣಿಯುತ್ತದೆ. ಆದರೆ ತಾಳಿ. 1955-59ರ ಎಂಜಿನ್ನುಗಳು 1960ರಲ್ಲಿ ಮಾಯವಾಗಲಿಲ್ಲ. ಗುಜರಿಯಿಂದ ತಂದ 283ರ ಎಂಜಿನ್ನಿಗೆ ಮುಚ್ಚಳ ಬೇಕೆನ್ನುವವರು ಅರವತ್ತರ ದಶಕದಲ್ಲೂ ಇದ್ದರು, ಹಳೆಯದನ್ನು ಹಳೆಯ ರೂಪಕ್ಕೇ ತರಬೇಕೆನ್ನುವವರು ಈಗಲೂ ಇದ್ದಾರೆ. ಅವರಿಗಾಗಿ ಓರೆ ತೂತಿನ ಮುಚ್ಚಳ ಹೊಸದಾಗಿಯೂ ತಯಾರಾಗಿದೆ. ಹಾಗಾಗಿ ಓರೆ ತೂತು ಹೇಳುವುದು ಎಂಜಿನ್ನಿನ ಕಾಲವನ್ನು, ಎರಕದ ಕಾಲವನ್ನಲ್ಲ. ಒಂದೇ ಮುಚ್ಚಳ ಎರಡೂ ಬಗೆಯ ಎಂಜಿನ್ನಿಗೆ ಕೂರಲೆಂದು ಎರಡು ಬಗೆಯ ತೂತುಗಳಿಗೂ ಎರಕದಲ್ಲೇ ಜಾಗ ಬಿಟ್ಟಿದ್ದರಂತೂ ಉತ್ತರ ಸ್ಪಷ್ಟ. ನೇರ ತೂತಿನ ಎಂಜಿನ್ ಬರುವ ಮೊದಲು ಅದಕ್ಕೆ ಜಾಗ ಬಿಡುವ ಜ್ಯೋತಿಷ್ಯ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ದೊಡ್ಡ ಸುಳಿವು ಗಾಳಿಯ ಕಿಂಡಿ. ಎಂಜಿನ್ನಿನ ಹೊಟ್ಟೆಯಲ್ಲಿ ಎಣ್ಣೆಯ ಆವಿ, ಸೋರಿ ಬಂದ ಹೊಗೆ ತುಂಬಿಕೊಳ್ಳುತ್ತದೆ. ಹಿಂದೆ ಅದನ್ನು ಒಂದು ಕೊಳವೆಯ ಮೂಲಕ ನೇರವಾಗಿ ರಸ್ತೆಗೆ ಬಿಡುತ್ತಿದ್ದರು. ಲಾಸ್ ಏಂಜಲೀಸಿನ ಆಕಾಶ ಹೊಗೆಮಂಜಿನಿಂದ ಕಂದಾದಾಗ ಅದಕ್ಕೆ ಕಡಿವಾಣ ಬಿತ್ತು. ಆ ಆವಿಯನ್ನು ಮತ್ತೆ ಎಂಜಿನ್ನಿಗೇ ಊಡಿಸಿ ಸುಡುವ ವ್ಯವಸ್ಥೆಗೆ ಪಿಸಿವಿ ಎಂದು ಹೆಸರು. ಕೆಲವು ಸೇನಾ ವಾಹನಗಳಲ್ಲಿ ಮೊದಲೇ ಇದ್ದ ಈ ವ್ಯವಸ್ಥೆ 1961ರ ಮಾದರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಮಾರುವ ಹೊಸ ಕಾರುಗಳಿಗೂ, 1963ರ ಮಾದರಿಯಿಂದ ಇಡೀ ದೇಶದ ಕಾರುಗಳಿಗೂ ಬಂತು. ಮುಂದಿನ ವರ್ಷಗಳಲ್ಲಿ ಅನೇಕ ಎಂಜಿನ್ನುಗಳಲ್ಲಿ ಇದರ ವಾಲ್ವ್ ಕೂರುವ ಜಾಗ ಟ್ಯಾಪೆಟ್ ಕವರಿನ ಮೇಲಕ್ಕೆ ಬಂತು. ಎಣ್ಣೆ ತುಂಬುವ ಬಾಯಿಯೂ ಅಷ್ಟೆ. ಸ್ಮಾಲ್ ಬ್ಲಾಕಿನಲ್ಲಿ ಮೊದಲು ಅದು ಮುಂಭಾಗದ ಕೊಳವೆಯಲ್ಲಿತ್ತು. ಅರವತ್ತರ ದಶಕದ ಕೊನೆಯ ಹೊತ್ತಿಗೆ ಮುಚ್ಚಳಕ್ಕೆ ವರ್ಗವಾಯಿತು.

ಆದ್ದರಿಂದ ತೂತೇ ಇಲ್ಲದ, ಬೋಳು ಬೆನ್ನಿನ ಮುಚ್ಚಳ ಹಳೆಯ ವಿನ್ಯಾಸದ ಲಕ್ಷಣ. ತೂತು ಇದ್ದರೆ ಮಗುಚಿ ನೋಡಬೇಕು. ಎರಕದಲ್ಲೇ ಯೋಜಿಸಿದ ತೂತಿನ ಸುತ್ತ ಲೋಹ ದಪ್ಪಗಿರುತ್ತದೆ. ಒಳಗಡೆ ಎಣ್ಣೆ ಹೀರಿಹೋಗದಂತೆ ತಡೆಯುವ ತಗಡನ್ನು ಕೂರಿಸಲು ಗುಬ್ಬಿಗಳಿರುತ್ತವೆ. ಅವಿದ್ದರೆ ಮುಚ್ಚಳ ಅರವತ್ತರ ದಶಕದ್ದು ಅಥವಾ ಅದಕ್ಕಿಂತ ಈಚಿನದು. ತೂತಿನ ಅಂಚು ಏಣುಗಳನ್ನು ಅಡ್ಡಾದಿಡ್ಡಿ ಕತ್ತರಿಸಿಕೊಂಡು ಹೋಗಿದ್ದರೆ, ಒಳಗೆ ಯಾವ ಏರ್ಪಾಡೂ ಇಲ್ಲದಿದ್ದರೆ, ಅದನ್ನು ಕೊಂಡವರಾರೋ ಆಮೇಲೆ ಕೊರೆದದ್ದು. ಅಂಥ ಗಾಯದಿಂದ ಬೆಲೆ ಇಳಿಯಬಹುದು, ವಯಸ್ಸು ಇಳಿಯುವುದಿಲ್ಲ. ಹಾಗೆ ನೋಡಿದರೆ ಇಂಥ ಗಾಯ ಒಂದು ಬಗೆಯ ಪ್ರಮಾಣಪತ್ರವೂ ಹೌದು. ಕಿಂಡಿಯಿಲ್ಲದ ಕಾಲದ ಮುಚ್ಚಳವನ್ನು ಕಿಂಡಿ ಬೇಕಾದ ಕಾಲದಲ್ಲಿ ದುಡಿಸಿಕೊಂಡಿದ್ದಾರೆ ಎಂದು ಅದು ಹೇಳುತ್ತದೆ. ಅದನ್ನು ಎರಕ ತುಂಬಿ ಮುಚ್ಚಿ, ಪಾಲಿಷ್ ಮಾಡಿ ಮಾರುವವರು ಇದ್ದ ಸಾಕ್ಷಿಯನ್ನು ಅಳಿಸುತ್ತಿದ್ದಾರೆ.

ಮೇಲೆ ಮೂಡಿಸಿದ ಅಂಕಿಗಳೂ ಕಾಲ ಹೇಳುತ್ತವೆ. 283 ಎಂದಿದ್ದರೆ 1957ಕ್ಕಿಂತ, 327 ಎಂದಿದ್ದರೆ 1962ಕ್ಕಿಂತ, 350 ಎಂದಿದ್ದರೆ 1967ಕ್ಕಿಂತ ಹಿಂದಿನದಲ್ಲ; ಷೆವ್ರೊಲೆ ಆ ಗಾತ್ರದ ಎಂಜಿನ್ನುಗಳನ್ನು ತಂದದ್ದೇ ಆ ವರ್ಷದ ಮಾದರಿಗಳಲ್ಲಿ. ಪೇಟೆಂಟ್ ಸಂಖ್ಯೆ ಇದ್ದರೆ ಇನ್ನೂ ಒಳ್ಳೆಯದು. ಅಮೆರಿಕದ ಪೇಟೆಂಟ್ ಸಂಖ್ಯೆ ಇಪ್ಪತ್ತು ಲಕ್ಷ ಮುಟ್ಟಿದ್ದು 1935ರಲ್ಲಿ, ಮೂವತ್ತು ಲಕ್ಷ 1961ರಲ್ಲಿ, ನಲವತ್ತು ಲಕ್ಷ 1976ರಲ್ಲಿ. ಆದರೆ ಬರಿ ಏಣುಗಳಿರುವ ಮುಚ್ಚಳದಲ್ಲಿ ಪೇಟೆಂಟ್ ಪಡೆಯುವಂಥ ಹೊಸತನ ಏನಿದ್ದೀತು? ಹಾಗಾಗಿ ಈ ಭಾಗ್ಯ ವಿರಳ.

ಈಗ ಹೆಸರಿನ ವಿಚಾರ. ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ಕಣ್ಣಿಗೆ ಹೊಡೆಯುವಂತೆ ಇರುವುದು ಅದೇ. ಆದರೆ ಕಾಲನಿರ್ಣಯಕ್ಕೆ ಅದು ತೀರ ದುರ್ಬಲ ಆಧಾರ. ವಿಕ್ ಎಡೆಲ್‌ಬ್ರಾಕ್ 1938ರಲ್ಲಿ ಮ್ಯಾನಿಫೋಲ್ಡ್ ತಯಾರಿಕೆಗೆ ಕೈಹಾಕಿದರು. 1962ರಲ್ಲಿ ಅವರು ತೀರಿಕೊಂಡ ಮೇಲೆ ಅದೇ ಹೆಸರಿನ ಮಗ ಕಂಪನಿ ನಡೆಸಿದರು. ಹೆಸರು ಈಗಲೂ ಮಾರುಕಟ್ಟೆಯಲ್ಲಿದೆ. ಫಿಲ್ ವೈಯಾಂಡ್ ಮೂವತ್ತರ ದಶಕದಲ್ಲಿ ಶುರುಮಾಡಿದ ಕಂಪನಿ ಹಾಲಿ ಎಂಬ ಕಾರ್ಬ್ಯುರೇಟರ್ ಕಂಪನಿಯ ಪಾಲಾಯಿತು, ಹೆಸರು ಉಳಿಯಿತು. ಸಾಂಟಾ ಫೆ ಸ್ಪ್ರಿಂಗ್ಸ್‌ನ ಡೀನ್ ಮೂನ್ 1987ರಲ್ಲಿ ನಿಧನರಾದರು. ಅವರ ಎರಡು ಕಣ್ಣಿನ ಗುರುತು ಜಪಾನಿನವರ ಕೈಯಲ್ಲಿ ಮರುಜನ್ಮ ಪಡೆಯಿತು. 1960ರಲ್ಲಿ ಬಾನವಿಲ್ ಉಪ್ಪಿನ ಬಯಲಿನಲ್ಲಿ ನಾಲ್ಕು ಪಾಂಟಿಯಾಕ್ ಎಂಜಿನ್ನುಗಳ ಚಾಲೆಂಜರ್ ಕಾರನ್ನು ಗಂಟೆಗೆ 406 ಮೈಲಿ ಓಡಿಸಿದ ಮಿಕಿ ಥಾಂಪ್ಸನ್ ಹೆಸರಿನ ಎಂ/ಟಿ ಮುಚ್ಚಳಗಳಿಗೂ ಇದೇ ಕಥೆ. ಒಡೆಯ ಹೋದ ಮೇಲೂ ಹೆಸರು ದುಡಿಯುತ್ತದೆ.

ಆಫೆನ್‌ಹೌಸರ್ ಹೆಸರಿನಲ್ಲಂತೂ ಇನ್ನೊಂದು ಗೋಜಲು. ಇಂಡಿಯಾನಾಪೊಲಿಸ್ ಪಂದ್ಯಗಳಲ್ಲಿ ಗೆದ್ದು ಗೆದ್ದು ಹೆಸರಾದ ಎಂಜಿನ್ ಮಾಡಿದ ಫ್ರೆಡ್ ಆಫೆನ್‌ಹೌಸರ್ ಬೇರೆ. ಹಾಟ್ ರಾಡ್ ಬಿಡಿಭಾಗಗಳ ಕಂಪನಿಯನ್ನು 1946ರಲ್ಲಿ ತೆರೆದ, ಅದೇ ಹೆಸರಿನ ಸಂಬಂಧಿ ಬೇರೆ. ಮುಚ್ಚಳ ಎರಡನೆಯವರದ್ದು. ಇಂಡಿಯಾನಾಪೊಲಿಸ್ ಕಥೆ ಸೇರಿಸಿ ಬೆಲೆ ಏರಿಸುವುದನ್ನು ಒಪ್ಪಬೇಕಿಲ್ಲ.

ಹೆಸರಿಗಿಂತ ಲೋಹವೇ ಹೆಚ್ಚು ಮಾತಾಡುತ್ತದೆ. ಹಳೆಯ ಮುಚ್ಚಳಗಳಲ್ಲಿ ಹೆಚ್ಚಿನವು ಮರಳಿನ ಅಚ್ಚಿನಲ್ಲಿ ಎರಕ ಹೊಯ್ದವು. ಒಳಮೈಯಲ್ಲಿ ಮರಳಿನ ತರಿತರಿ ಹಾಗೆಯೇ ಉಳಿದಿರುತ್ತದೆ, ಏಕೆಂದರೆ ಅಲ್ಲಿ ಯಾರೂ ಪಾಲಿಷ್ ಮಾಡುವುದಿಲ್ಲ. ನುಣುಪಾದ, ಎಲ್ಲೆಡೆ ಒಂದೇ ಸಮ ತೆಳುವಾದ ಗೋಡೆಯಿದ್ದರೆ ಅದು ಉಕ್ಕಿನ ಡೈಯಲ್ಲಿ ತಯಾರಾದದ್ದು. ಡೈ ಮಾಡಿಸುವುದು ದುಬಾರಿ. ಸಾವಿರಾರು ಜೋಡಿ ಮಾರುವ ಭರವಸೆ ಇದ್ದವರಿಗೆ ಮಾತ್ರ ಅದು ಗಿಟ್ಟುತ್ತದೆ.

ನಕಲಿಯನ್ನು ಹಿಡಿದುಕೊಡುವುದೂ ಲೋಹದ ಒಂದು ಗುಣವೇ. ಕರಗಿದ ಅಲ್ಯೂಮಿನಿಯಂ ಆರಿದಾಗ ನೂರಕ್ಕೆ ಸುಮಾರು 1.3ರಷ್ಟು ಕುಗ್ಗುತ್ತದೆ. ಪ್ಯಾಟರ್ನ್ ಮಾಡುವ ಬಡಗಿಗೆ ಇದು ಗೊತ್ತು. ಅವನು ಅಷ್ಟು ಹೆಚ್ಚಿನ ಅಳತೆಯಲ್ಲೇ ಮರ ಕೆತ್ತುತ್ತಾನೆ. ಆದರೆ ನಕಲು ಮಾಡುವವನು ಪ್ಯಾಟರ್ನ್ ಎಲ್ಲಿಂದ ತರಬೇಕು? ಸಿಕ್ಕ ಅಸಲಿ ಮುಚ್ಚಳವನ್ನೇ ಮರಳಿಗೆ ಒತ್ತಿ ಅಚ್ಚು ತೆಗೆಯುತ್ತಾನೆ. ಒಂದೂವರೆ ಅಡಿ ಉದ್ದದ ಮುಚ್ಚಳ ಆರಿ ಹೊರಬರುವಾಗ ಸುಮಾರು 6 ಮಿಲಿಮೀಟರ್ ಗಿಡ್ಡ! ಎಂಜಿನ್ ಮಾತ್ರ ಗಿಡ್ಡವಾಗಿಲ್ಲ. ಬೋಲ್ಟಿನ ತೂತುಗಳನ್ನು ಎಂಜಿನ್ನಿನ ಅಳತೆಗೇ ಕೊರೆಯಬೇಕು. ಆಗ ತೂತು ತನ್ನ ಗುಬ್ಬಿಯ ನಡುವಿಗೆ ಬೀಳದೆ ಪಕ್ಕಕ್ಕೆ ಸರಿಯುತ್ತದೆ. ಅಸಲಿ ಎಂದು ಖಾತ್ರಿಯಿರುವ ಒಂದರ ಪಕ್ಕದಲ್ಲಿಟ್ಟು ತುದಿಯಿಂದ ತುದಿಗೆ ಅಳೆದರೆ ಬಣ್ಣ ಬಯಲು. ಜೊತೆಗೆ ಅಕ್ಷರಗಳ ಅಂಚು ಸೋಪಿನ ಮೇಲಿನ ಹೆಸರಿನಂತೆ ಸವೆದು ದುಂಡಗಾಗಿರುತ್ತದೆ. ಏಣುಗಳ ಬುಡ ತುಂಬಿಕೊಂಡಿರುತ್ತದೆ. ಅಸಲಿಯ ಮೇಲೆ ಹಿಂದೆ ಯಾರೋ ಮಾಡಿದ ಗೀರು ನಕಲಿನಲ್ಲೂ ಮೂಡಿ, ಎರಡು ಬೇರೆ ಬೇರೆ ಮುಚ್ಚಳಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು ಕಂಡರೆ ಮತ್ತೆ ವಾದ ಬೇಡ. ಇನ್ನು ಹೊರದೇಶದಿಂದ ಬರುವ ಸರಕಿನ ಮೇಲೆ ದೇಶದ ಹೆಸರು ಇರಬೇಕೆಂಬುದು ಅಮೆರಿಕದ ಹಳೆಯ ಕಾನೂನು. ಒಳಮೈಯಲ್ಲಿ ಒಂದು ಬೆರಳಗಲ ಜಾಗ ಮಾತ್ರ ಉಜ್ಜಿ ನುಣುಪು ಮಾಡಿದ್ದರೆ ಅಲ್ಲಿ ಏನಿತ್ತು ಎಂದು ಕೇಳುವುದು ತಪ್ಪಲ್ಲ.

ಹೊಳಪು, ಬಣ್ಣ, ಕ್ರೋಮ್, ಬೋಲ್ಟು, ಗ್ಯಾಸ್ಕೆಟ್ ಇವುಗಳ ಬಗ್ಗೆ ಹೆಚ್ಚು ಹೇಳುವುದು ಬೇಡ. ಇವೆಲ್ಲ ಬದಲಾಗುವಂಥವು. ಹಳೆಯ ಮುಚ್ಚಳಕ್ಕೆ ಹೊಸ ಬಣ್ಣ ಬಳಿಯಬಹುದು, ಹೊಸದನ್ನು ಆಸಿಡ್ಡಿನಲ್ಲಿ ಅದ್ದಿ ಮಂಕು ಮಾಡಬಹುದು.

ಕೆಳಗಿನ ಗೆರೆ, ಅಂದರೆ ಇದಕ್ಕಿಂತ ಹಳೆಯದಲ್ಲ ಎಂಬುದನ್ನು ಹೀಗೆ ಎಳೆಯಬಹುದು. ಮೇಲಿನ ಗೆರೆ, ಇದಕ್ಕಿಂತ ಹೊಸದಲ್ಲ ಎಂಬುದು, ಬಹಳ ಕಷ್ಟ. ಕ್ರೈಸ್ಲರಿನ ಮೊದಲ ಹೆಮಿ ಎಂಜಿನ್ನಿನ ತಯಾರಿಕೆ 1958ಕ್ಕೆ ನಿಂತಿತು. ಆದರೆ ಡ್ರ್ಯಾಗ್ ಪಂದ್ಯದವರು ಅದರ 392 ಘನ ಅಂಗುಲದ ಎಂಜಿನ್ನನ್ನು ಅರವತ್ತರ ದಶಕದಲ್ಲಿ ಮೊದಲಿಗಿಂತ ಹೆಚ್ಚು ಬಳಸಿದರು. ಎಂಜಿನ್ ನಿಂತರೂ ಮುಚ್ಚಳದ ಗಿರಾಕಿ ನಿಲ್ಲಲಿಲ್ಲ. ಈ ಮೇಲಿನ ಗೆರೆ ಎಳೆಯಲು ಇರುವ ದಾರಿ ಒಂದೇ: ಕಾಗದ.

ರಾಬರ್ಟ್ ಪೀಟರ್ಸನ್ ತಂದ ಹಾಟ್ ರಾಡ್ ಮಾಸಪತ್ರಿಕೆಯ ಮೊದಲ ಸಂಚಿಕೆ 1948ರ ಜನವರಿಯದು. 1953ರಲ್ಲಿ ರಾಡ್ ಅಂಡ್ ಕಸ್ಟಮ್ ಬಂತು. ಇವುಗಳ ಲೇಖನಗಳಿಗಿಂತ ಜಾಹೀರಾತುಗಳೇ ಈಗ ಹೆಚ್ಚು ಉಪಯುಕ್ತ ಎಂದರೆ ಸಂಪಾದಕರು ಬೇಸರಿಸಬಾರದು. ಪ್ರತಿ ಸಂಚಿಕೆಗೂ ತಿಂಗಳು, ವರ್ಷ ಇದೆ. ಒಂದು ವಿನ್ಯಾಸ ಮೊದಲು ಯಾವ ತಿಂಗಳ ಜಾಹೀರಾತಿನಲ್ಲಿ ಕಂಡಿತು, ಯಾವಾಗ ಕಾಣೆಯಾಯಿತು, ನಡುವೆ ಏಣುಗಳ ಸಂಖ್ಯೆ ಬದಲಾಯಿತೇ ಎಂದು ಸಂಚಿಕೆಗಳನ್ನು ಸಾಲಾಗಿ ಹಿಡಿದು ನೋಡಬಹುದು. ಪಂದ್ಯದ ದಿನ ತೆಗೆದ, ತಾರೀಖು ಬರೆದ ಫೋಟೋದಲ್ಲಿ ಅದೇ ಮುಚ್ಚಳ ಕಂಡರಂತೂ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ತಾರೀಖಿಲ್ಲದ ಬೆಲೆಪಟ್ಟಿ, ರಟ್ಟಿನ ಪೆಟ್ಟಿಗೆ ಸಿಕ್ಕರೆ ವಿಳಾಸ ಓದಬೇಕು. ಅಮೆರಿಕದ ದೊಡ್ಡ ನಗರಗಳಿಗೆ 1943ರಲ್ಲಿ ಅಂಚೆ ವಲಯದ ಸಂಖ್ಯೆ ಬಂತು. ಊರಿನ ಹೆಸರಿನ ಮುಂದೆ ಒಂದೆರಡು ಅಂಕಿ ಮಾತ್ರ ಇದ್ದರೆ ಅದು ಆ ಪದ್ಧತಿ. ನಮ್ಮ ಪಿನ್ ಕೋಡಿನಂಥ ಐದಂಕಿಯ ಝಿಪ್ ಕೋಡ್ ಜಾರಿಗೆ ಬಂದದ್ದು 1963ರ ಜುಲೈ 1ರಂದು. ಪೆಟ್ಟಿಗೆಯ ಮೇಲೆ ಐದಂಕಿ ಇದ್ದು, ಒಳಗಿನದು 1957ರದ್ದು ಎಂದರೆ ಇಬ್ಬರಲ್ಲಿ ಒಬ್ಬರು ಸುಳ್ಳು. ಅಂಗಡಿಯ ಸರಕಿನ ಮೇಲಿನ ಪಟ್ಟೆ ಪಟ್ಟೆ ಬಾರ್‌ಕೋಡ್ ಮೊದಲು ಬಳಕೆಯಾದದ್ದು 1974ರಲ್ಲಿ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವಂಥದ್ದು ಒಂದು ಮುಚ್ಚಳದಲ್ಲಿ ಏನಿದೆ ಎಂದು ಕೇಳುವವರಿದ್ದಾರೆ. 1997ರವರೆಗೆ ಬಹುಶಃ ಆ ಪ್ರಶ್ನೆ ಸರಿಯಾಗಿಯೇ ಇತ್ತು. ಆ ವರ್ಷ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ, ಶ್ರೀಮಂತರ ಅಪೂರ್ವ ಕಾರುಗಳ ಪ್ರತಿಷ್ಠಿತ ಪ್ರದರ್ಶನದಲ್ಲಿ, ಮೊದಲ ಬಾರಿಗೆ ಚಾರಿತ್ರಿಕ ಹಾಟ್ ರಾಡ್‌ಗಳಿಗೆ ಪ್ರತ್ಯೇಕ ವಿಭಾಗ ತೆರೆಯಲಾಯಿತು. ಡೋನ್ ಸ್ಪೆನ್ಸರ್ ಹಿಂದೆ ಕಟ್ಟಿದ್ದ 1932ರ ಫೋರ್ಡ್ ರೋಡ್‌ಸ್ಟರ್ ಅದರಲ್ಲಿ ಗೆದ್ದಿತು. ಪುಂಡು ಹುಡುಗರ ಗದ್ದಲದ ಬಂಡಿ ಎನಿಸಿಕೊಂಡದ್ದು ಚರಿತ್ರೆಯ ವಸ್ತುವಾಯಿತು. ಚರಿತ್ರೆಯ ವಸ್ತುವಾದ ಮೇಲೆ ಅದರ ಪ್ರತಿಯೊಂದು ಭಾಗವೂ ಕಾರು ಕಟ್ಟಿದ ಕಾಲದ್ದೇ ಎಂಬ ಪ್ರಶ್ನೆ ತಪ್ಪುವುದಿಲ್ಲ. 1956ರಲ್ಲಿ ಕಟ್ಟಿ, ಅಂದಿನಿಂದ ಮುಟ್ಟದೆ ಇಟ್ಟಿದ್ದು ಎಂದು ಹೇಳುವ ಕಾರಿನಲ್ಲಿ ನೇರ ತೂತಿನ ಮುಚ್ಚಳವಿದ್ದರೆ ಹೇಳಿಕೆಯಲ್ಲೇ ತೂತಿದೆ. ಮುಚ್ಚಳವನ್ನೊಂದೇ ಆಮೇಲೆ ಬದಲಿಸಲಾಗುವುದಿಲ್ಲ, ಅದರ ಕೆಳಗಿನ ಹೆಡ್ಡೂ 1959ರ ಈಚಿನದಾಗಿರಲೇಬೇಕು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಹಳೆಯ ವಿನ್ಯಾಸದಲ್ಲಿ ಹೊಸ ಮುಚ್ಚಳ ಮಾಡಿ, ಹೊಸದೆಂದೇ ಹೇಳಿ ಮಾರುವುದರಲ್ಲಿ ಮೋಸವಿಲ್ಲ. ಹಳೆಯ ಕಂಪನಿಗಳೇ ಅದನ್ನು ಮಾಡುತ್ತಿವೆ. ಅದರಿಂದ ಸಾಮಾನ್ಯ ಹವ್ಯಾಸಿಗೂ ಕೈಗೆಟಕುವ ಬೆಲೆಯಲ್ಲಿ ಚೆಂದದ ಮುಚ್ಚಳ ಸಿಗುತ್ತದೆ. ತಕರಾರಿರುವುದು ಹೊಸದನ್ನು ಹಳೆಯದೆಂದು ದಾಟಿಸುವುದರ ಬಗ್ಗೆ. ಮೂರು-ನಾಲ್ಕು ವರ್ಷ ನಡೆದು ಸದ್ದಿಲ್ಲದೆ ಮುಚ್ಚಿಹೋದ ಸಣ್ಣ ಕಾರ್ಖಾನೆಗಳು ಅನೇಕ. ಅವುಗಳ ಲೆಕ್ಕಪುಸ್ತಕ ಉಳಿದಿಲ್ಲ, ಅಲ್ಲಿ ಪ್ಯಾಟರ್ನ್ ಕೆತ್ತಿದವರ ಹೆಸರೂ ಉಳಿದಿಲ್ಲ. ಅವರು ಇದ್ದರು, ಕೆಲಸ ಮಾಡಿದರು ಎಂಬುದಕ್ಕೆ ಉಳಿದಿರುವುದು ಇಂಥ ಮುಚ್ಚಳಗಳು ಮಾತ್ರ. ಒಂದು ಮುಚ್ಚಳದ ಸುಳ್ಳು ಜಾತಕ ಅಂಥವರ ಕಥೆಯನ್ನೇ ತಿರುಚುತ್ತದೆ.

ಬಲ್ಲ ಸಂಗ್ರಾಹಕರು ಈಗ ಮುಚ್ಚಳಗಳಿಗಿಂತ ಹಳೆಯ ಕ್ಯಾಟಲಾಗುಗಳನ್ನು ಮೊದಲು ಹುಡುಕುತ್ತಾರೆ. ಅವುಗಳಿಗೂ ಬೆಲೆ ಬಂದಿದೆ. ಬೆಲೆ ಬಂದದ್ದೇ ತಡ, ಹಳೆಯ ಕ್ಯಾಟಲಾಗುಗಳ ಮರುಮುದ್ರಣಗಳೂ ಸಂತೆಯಲ್ಲಿ ಕಾಣಿಸಿಕೊಂಡಿವೆ. ಅದೇ ಚಿತ್ರ, ಅದೇ ಬೆಲೆ, ಝಿಪ್ ಕೋಡ್ ಇಲ್ಲದ ಅದೇ ವಿಳಾಸ. ಅವನ್ನು ಪತ್ತೆಮಾಡಲು ಕಾಗದವನ್ನು ಬೆಳಕಿಗೆ ಹಿಡಿಯಬೇಕು, ಮಡಿಕೆಯಲ್ಲಿನ ಪಿನ್ನಿನ ತುಕ್ಕು ಕಾಗದಕ್ಕೆ ಇಳಿದಿದೆಯೇ ನೋಡಬೇಕು, ಚಿತ್ರದ ಚುಕ್ಕಿಗಳನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕು. ಅದು ಬೇರೆಯೇ ವಿದ್ಯೆ.